ಮಿರಜದಿಂದ ಬೆಳಗಾವಿಗೆ: ಎದೆಗಂಟಿನ ಚಿಕಿತ್ಸೆ ಮತ್ತು ವೈದ್ಯರ ವೇಳೆ

ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯನ್ನು ಕಟ್ಟಡಗಳ ಲೆಕ್ಕದಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಯಾವ ಇಸವಿಯಲ್ಲಿ ಯಾವ ಆಸ್ಪತ್ರೆ ಬಂತು, ಹಾಸಿಗೆ ಎಷ್ಟು, ಯಂತ್ರ ಎಲ್ಲಿಯದು, ಉದ್ಘಾಟನೆಗೆ ಯಾರು ಬಂದಿದ್ದರು, ಇಷ್ಟಾದರೆ ಚರಿತ್ರೆ ಮುಗಿಯಿತು. ಆ ಲೆಕ್ಕದಲ್ಲಿ ಬೆಳಗಾವಿ ಜಿಲ್ಲೆಗೆ 2025ರ ಜನವರಿ 3 ದೊಡ್ಡ ದಿನ. ಅಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಕೆಎಲ್‌ಇ ಸಂಸ್ಥೆಯ 300 ಹಾಸಿಗೆಗಳ ಕ್ಯಾನ್ಸರ್ ಆಸ್ಪತ್ರೆಯನ್ನು ಬೆಳಗಾವಿಯಲ್ಲಿ ಉದ್ಘಾಟಿಸಿದರು. ಸವದತ್ತಿ ಸೀಮೆಯ ಚಚಡಿಯಿಂದ, ಅದರ ನೆರೆಯ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಿಂದ ಮುಂಬೈಗೋ ಬೆಂಗಳೂರಿಗೋ ರಾತ್ರಿಯಿಡೀ ಪ್ರಯಾಣ ಮಾಡಬೇಕಿದ್ದ ಹೆಂಗಸಿಗೆ ದೊಡ್ಡ ದವಾಖಾನೆಯೊಂದು ತನ್ನ ಜಿಲ್ಲೆಯೊಳಗೇ ಸಿಕ್ಕಿತು. ಇದು ಸಣ್ಣ ಮಾತಲ್ಲ. ಆದರೆ ಈ ಸೀಮೆಯ ಹೆಂಗಸಿಗೆ ಎದೆಯಲ್ಲಿ ಗಂಟು ಕಂಡಾಗ ಯಾವ ಚಿಕಿತ್ಸೆ ಸಿಕ್ಕಿತು ಎಂಬುದನ್ನು ನೂರು ವರ್ಷಗಳಿಗೂ ಹೆಚ್ಚು ಕಾಲ ತೀರ್ಮಾನಿಸಿದ್ದು ಕಟ್ಟಡವಲ್ಲ, ಔಷಧವೂ ಪೂರ್ತಿಯಾಗಿ ಅಲ್ಲ. ಅವಳಿಗಾಗಿ ತಜ್ಞ ವೈದ್ಯರು ಎಷ್ಟು ಹೊತ್ತು ಕೊಡಬಲ್ಲವರಾಗಿದ್ದರು ಎಂಬುದೇ ಹೆಚ್ಚಾಗಿ ಅದನ್ನು ತೀರ್ಮಾನಿಸಿತು. ರೋಗಿಯ ದೇಹಕ್ಕೆ ಚಿಕಿತ್ಸೆ ಹಗುರಾದಷ್ಟೂ ಅದನ್ನು ಕೊಡುವವರ ಕೆಲಸ ಭಾರವಾಗುತ್ತ ಬಂದಿದೆ. ಈ ನಂಟನ್ನು ಬಿಟ್ಟು ಹಾಸಿಗೆ ಎಣಿಸಿದರೆ ಅರ್ಧ ಚರಿತ್ರೆಯನ್ನಷ್ಟೇ ಎಣಿಸಿದಂತಾಗುತ್ತದೆ.

ಈ ಭಾಗದ ಜನ ದೊಡ್ಡ ಕಾಯಿಲೆಗೆ ಮೊದಲು ಮುಖ ಮಾಡಿದ್ದು ಮಿರಜದ ಕಡೆಗೆ. ಪುಣೆ, ಮಿರಜ, ಬೆಳಗಾವಿ, ಲೋಂಡಾಗಳನ್ನು ಜೋಡಿಸಿದ ಸದರ್ನ್ ಮರಾಠಾ ರೈಲ್ವೆ ಬಂದ ಕೆಲವೇ ವರ್ಷಗಳಲ್ಲಿ, 1894ರಲ್ಲಿ, ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅದೇ 1894ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಸ್ತನ ಕ್ಯಾನ್ಸರಿಗೆ ತಾವು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯ ವಿವರ ಪ್ರಕಟಿಸಿದರು. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುವುದು ಆ ವಿಧಾನ. ರೋಗ ಬೇರಿನಂತೆ ಸುತ್ತಲಿಗೆ ಹಬ್ಬುತ್ತದೆ, ಎಷ್ಟು ಅಗಲವಾಗಿ ಕೊಯ್ದರೆ ಅಷ್ಟು ಕ್ಷೇಮ ಎಂಬ ನಂಬಿಕೆ ಅದರ ಹಿಂದಿತ್ತು. ಮುಂದಿನ ಎಪ್ಪತ್ತು ಎಂಬತ್ತು ವರ್ಷ ಜಗತ್ತಿನ ಬಹುಪಾಲು ಶಸ್ತ್ರವೈದ್ಯರು ಕಲಿತದ್ದು ಇದನ್ನೇ, ಇಲ್ಲವೇ ಇದರ ಸೌಮ್ಯ ರೂಪವನ್ನು. ಬದುಕಿ ಉಳಿದವಳ ತೋಳು ಬಾತುಕೊಳ್ಳುತ್ತಿತ್ತು, ಭುಜ ಮೇಲಕ್ಕೆ ಏಳುತ್ತಿರಲಿಲ್ಲ. ಎರೆಭೂಮಿಯಲ್ಲಿ ಹತ್ತಿ ಬಿಡಿಸಿ, ತಲೆಯ ಮೇಲೆ ಬುಟ್ಟಿ ಹೊತ್ತು, ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಬಡಿಯುವ ಹೆಂಗಸಿಗೆ ಅದರ ಅರ್ಥವೇನು ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಚಿಕಿತ್ಸೆಗೆ ಬೇಕಾದದ್ದು ಒಬ್ಬ ಶಸ್ತ್ರವೈದ್ಯ, ಒಂದು ಕತ್ತಿ, ಕ್ಲೋರೋಫಾರ್ಮ್ ಅಥವಾ ಈಥರ್, ಕೆಲವು ತಾಸು. ಹೊಲಿಗೆ ಬಿಚ್ಚಿದ ಮೇಲೆ ರೋಗಿ ಊರಿಗೆ ಹೋಗುತ್ತಿದ್ದಳು, ವೈದ್ಯರು ಮುಂದಿನ ಕಣ್ಣಿನ ಪೊರೆಗೋ ಮೂತ್ರಕೋಶದ ಹರಳಿಗೋ ಕೈ ಹಚ್ಚುತ್ತಿದ್ದರು. ನೂರಾರು ಮೈಲಿಯ ಜನಕ್ಕೆ ಬೆರಳೆಣಿಕೆಯಷ್ಟೇ ಶಸ್ತ್ರವೈದ್ಯರಿದ್ದ ಕಾಲಕ್ಕೆ ಈ ಕ್ರೂರ ಚಿಕಿತ್ಸೆ ಸರಿಯಾಗಿಯೇ ಹೊಂದುತ್ತಿತ್ತು.

ಎರಡನೆಯ ದಾರಿ ಮುಂಬೈಯದು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬೈ ಆಡಳಿತಕ್ಕೇ ಸೇರಿದ್ದವು. 1941ರ ಫೆಬ್ರವರಿ 28ರಂದು ಪರೇಲಿನಲ್ಲಿ ಬಾಗಿಲು ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆ ಚಚಡಿಯವರ ಪಾಲಿಗೆ ಪರರಾಜ್ಯದ್ದಾಗಿರಲಿಲ್ಲ, ತಮ್ಮದೇ ರಾಜಧಾನಿಯ ಆಸ್ಪತ್ರೆಯಾಗಿತ್ತು. ರಾಜ್ಯ ಬದಲಾಯಿತು, ರೋಗಿಗಳ ದಾರಿ ಬದಲಾಗಲಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದು 1973ರಲ್ಲಿ, ಅದು ಸ್ವಾಯತ್ತ ಸಂಸ್ಥೆಯಾದದ್ದು 1980ರಲ್ಲಿ. ಅಂದರೆ ಏಕೀಕರಣದ ನಂತರವೂ ಸುಮಾರು ಎರಡು ದಶಕ ಹೊಸ ರಾಜ್ಯದ ರಾಜಧಾನಿಯಲ್ಲಿ ಈ ಸೀಮೆಯ ರೋಗಿಗೆ ಪರೇಲಿಗೆ ಸಾಟಿಯಾದ ಜಾಗ ಇರಲಿಲ್ಲ. ಆಮೇಲೆ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಥೆರಪಿ ಅಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಬಂದು ಉತ್ತರ ಕರ್ನಾಟಕದವರಿಗೆ ‘ಕರೆಂಟ್ ಕೊಡಿಸುವ’ ಹತ್ತಿರದ ತಾಣವಾಯಿತು. ವಿಕಿರಣ ಚಿಕಿತ್ಸೆಗೆ ಇಲ್ಲಿನ ಜನ ಇಟ್ಟ ಹೆಸರು ಅದು. ಬೆಳಗಾವಿಯಲ್ಲಿ ಕೆಎಲ್‌ಇಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲೇ ಆರಂಭವಾಗಿತ್ತು. ಸವದತ್ತಿ ತಾಲ್ಲೂಕಿನದೇ ಆದ ಶಿರಸಂಗಿಯ ದೇಸಾಯಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆ ಬಿಟ್ಟುಕೊಟ್ಟರೆಂಬ ನೆನಪನ್ನು ಆ ಸಂಸ್ಥೆ ತನ್ನ ಮೊದಲ ಕಾಲೇಜಿನ ಹೆಸರಿನಲ್ಲೇ ಇಟ್ಟುಕೊಂಡಿದೆ. ದೇಸಗತಿಗಳ ಈ ಸೀಮೆಯಲ್ಲಿ ದಾನಿಗಳಿಗೆ ಕೊರತೆಯಾಗಲಿಲ್ಲ. ಕೊರತೆ ಬೇರೆ ಕಡೆ ಇತ್ತು.

ಅದು ಎಲ್ಲಿತ್ತೆಂದು ತಿಳಿಯಲು 1970ರ ದಶಕದ ಸಂಶೋಧನೆಗಳನ್ನು ನೋಡಬೇಕು. ಅಮೆರಿಕದ ಬರ್ನಾರ್ಡ್ ಫಿಶರ್ ತಂಡ 1971ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ಹಾಲ್‌ಸ್ಟೆಡ್ ವಿಧಾನವನ್ನೂ ಸ್ನಾಯು ಉಳಿಸುವ ಸರಳ ಶಸ್ತ್ರಚಿಕಿತ್ಸೆಯನ್ನೂ ಹೋಲಿಸಿತು, ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ 1973ರಿಂದ 701 ಮಹಿಳೆಯರಲ್ಲಿ, ಫಿಶರ್ ತಂಡ 1976ರಿಂದ ಮತ್ತೊಂದು ಪ್ರಯೋಗದಲ್ಲಿ, ಸ್ತನ ಪೂರ್ತಿ ತೆಗೆಯುವುದನ್ನೂ ಗಂಟಿನ ಭಾಗವನ್ನಷ್ಟೇ ತೆಗೆದು ವಿಕಿರಣ ಕೊಡುವುದನ್ನೂ ಎದುರುಬದುರು ಇಟ್ಟು ನೋಡಿದರು. ಮೊದಲ ಫಲಿತಾಂಶಗಳು 1980ರ ದಶಕದ ಮೊದಲರ್ಧದಲ್ಲಿ ಹೊರಬಂದವು. 20 ವರ್ಷಗಳ ಫಲಿತಾಂಶ 2002ರಲ್ಲಿ ಬಂದಾಗಲೂ ಆಯುಸ್ಸಿನಲ್ಲಿ ವ್ಯತ್ಯಾಸವಿರಲಿಲ್ಲ. ಚಿಕ್ಕ ಗಂಟಿಗೆ ಇಡೀ ಸ್ತನ ತೆಗೆಯಬೇಕಾಗಿಲ್ಲ ಎಂಬುದು ಹೀಗೆ ನಾಲ್ಕು ದಶಕಗಳ ಹಿಂದೆಯೇ ಇತ್ಯರ್ಥವಾದ ಮಾತು. ಆದರೂ ನಮ್ಮ ಹಳ್ಳಿ, ತಾಲ್ಲೂಕುಗಳಿಂದ ಬರುವ ಹೆಚ್ಚಿನ ಹೆಂಗಸರಿಗೆ ಇಂದಿಗೂ ಆಗುವುದು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯೇ. ಇದಕ್ಕೆ ವೈದ್ಯರ ಅಜ್ಞಾನ ಕಾರಣವಲ್ಲ, ಈ ಪ್ರಬಂಧಗಳನ್ನು ಓದದ ಕ್ಯಾನ್ಸರ್ ಶಸ್ತ್ರವೈದ್ಯರು ಇರಲಾರರು. ಸ್ತನ ಉಳಿಸಿದರೆ ವಿಕಿರಣ ಕೊಡಲೇಬೇಕಾಗುತ್ತಿತ್ತು. ವಿಕಿರಣವೆಂದರೆ ಆಗಿನ ಪದ್ಧತಿಯಲ್ಲಿ ವಾರಕ್ಕೆ ಐದು ದಿನದಂತೆ 25 ಸರದಿ, ಮೇಲೆ ಗಂಟಿದ್ದ ಜಾಗಕ್ಕೆ ಇನ್ನಷ್ಟು, ಒಟ್ಟು ಐದಾರು ವಾರ. ಅಷ್ಟು ದಿನ ಹುಬ್ಬಳ್ಳಿಯಲ್ಲಿ ಯಾರ ಮನೆಯಲ್ಲಿ ಇರುವುದು, ಸುಗ್ಗಿ ಬಂದರೆ ಹೊಲಕ್ಕೆ ಯಾರು, ಶಾಲೆಯ ಮಕ್ಕಳಿಗೆ ಬುತ್ತಿ ಕಟ್ಟುವವರು ಯಾರು? ಪೂರ್ತಿ ತೆಗೆದರೆ ಆರಂಭದ ಹಂತದ ಅನೇಕರಿಗೆ ವಿಕಿರಣದ ಗೊಡವೆಯೇ ಇರುತ್ತಿರಲಿಲ್ಲ. ಮನೆಯವರಿಗೂ ಯಂತ್ರದ ಮುಂದಿನ ಸಾಲಿಗೂ ವೈದ್ಯರಿಗೂ ಅದೇ ಸುಲಭ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ರೈತಾಪಿ ಹೆಂಗಸು ಪೂರ್ತಿ ತೆಗೆಸಿಕೊಳ್ಳುವುದನ್ನು ಆರಿಸಿದರೆ ಅದು ಅವಳ ವಿವೇಕ, ಸ್ತನ ಉಳಿಸಿಕೊಳ್ಳುವ ಹಂಬಲ ಪೇಟೆಯವರದು, ಅದನ್ನು ಹಳ್ಳಿಯ ಮೇಲೆ ಹೇರಬೇಡಿ ಎಂಬುದು ಆ ಮಾತು. ಇದರಲ್ಲಿ ಸತ್ಯವಿದೆ. ಮತ್ತೆ ಮತ್ತೆ ಊರು ಬಿಟ್ಟು ಹೋಗಲಾರದವಳಿಗೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುವುದು ಮೇಲೆಂದು ತೋರಬಹುದು. ಬಹಳ ಮಂದಿ ಬರುವಾಗಲೇ ಗಂಟು ದೊಡ್ಡದಾಗಿರುತ್ತದೆ ಎಂಬುದೂ ನಿಜ. ಆದರೆ ಎರಡು ದಾರಿಗಳನ್ನೂ ಮುಂದಿಟ್ಟು, ಪ್ರತಿಯೊಂದರ ಲಾಭನಷ್ಟ ಹೇಳಿ, ಅವಳ ಗಂಡನಿಗಷ್ಟೇ ಅಲ್ಲದೆ ಅವಳಿಗೂ ಹೇಳಿ, ಅವಳು ಯೋಚಿಸಿ ಮರುದಿನ ಕೇಳುವ ಪ್ರಶ್ನೆಗೆ ಮತ್ತೆ ಉತ್ತರಿಸಿದ ಮೇಲೆ ಮಾಡಿದ ಆಯ್ಕೆಗೆ ವಿವೇಕದ ಆಯ್ಕೆ ಎನ್ನಬಹುದು. ಆ ಮಾತಿಗೆ ಅರ್ಧ ತಾಸಾದರೂ ಬೇಕು. ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಐದಾರು ನಿಮಿಷ ಸಿಗುವಲ್ಲಿ ಆಯ್ಕೆ ಎಂಬುದು ವೈದ್ಯರ ವೇಳಾಪಟ್ಟಿ ಮಾಡಿದ ತೀರ್ಮಾನಕ್ಕೆ ಹಾಕಿಸಿಕೊಂಡ ರುಜುವಷ್ಟೇ ಆಗುತ್ತದೆ.

ಈ ಅರ್ಧ ತಾಸು ಯಾಕೆ ಸಿಗುವುದಿಲ್ಲ ಎಂಬುದಕ್ಕೆ ವಿವರಣೆ ಚಿಕಿತ್ಸೆಯ ಬೆಳವಣಿಗೆಯಲ್ಲೇ ಇದೆ. ಹಾರ್ಮೋನಿನ ಪ್ರಭಾವ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಗೆ ಅಮೆರಿಕದಲ್ಲಿ 1977ರಲ್ಲಿ ಅನುಮತಿ ಸಿಕ್ಕಿತು. ಶಸ್ತ್ರಚಿಕಿತ್ಸೆಯ ನಂತರ ಮೂರು ಔಷಧ ಸೇರಿಸಿ ಕೊಟ್ಟರೆ ರೋಗ ಮರುಕಳಿಸುವುದು ತಗ್ಗುತ್ತದೆಂದು ಮಿಲಾನಿನ ಜಾನಿ ಬೊನಾಡೊನ್ನಾ 1976ರಲ್ಲಿ ತೋರಿಸಿದರು. ಅಲ್ಲಿಂದ ಸ್ತನ ಕ್ಯಾನ್ಸರ್ ಶಸ್ತ್ರವೈದ್ಯರೊಬ್ಬರ ಕೈಯಲ್ಲಿ ಮುಗಿಯುವ ರೋಗವಾಗಿ ಉಳಿಯಲಿಲ್ಲ. ಭಾರತದಲ್ಲಿ ಕ್ಯಾನ್ಸರಿನ ಔಷಧ ಚಿಕಿತ್ಸೆಗೂ ಶಸ್ತ್ರಚಿಕಿತ್ಸೆಗೂ ಪ್ರತ್ಯೇಕ ಉನ್ನತ ಪದವಿ ಮೊದಲು ಬಂದದ್ದು 1984ರಲ್ಲಿ, ಮುತ್ತುಲಕ್ಷ್ಮಿ ರೆಡ್ಡಿ ಅವರು ಕಟ್ಟಿದ ಚೆನ್ನೈನ ಅಡ್ಯಾರ್ ಸಂಸ್ಥೆಯಲ್ಲಿ. ಕೆಲಸ ಹುಟ್ಟಿದ ಏಳೆಂಟು ವರ್ಷದ ಮೇಲೆ ಕೆಲಸಗಾರರ ತರಬೇತಿ ಆರಂಭವಾಯಿತು, ಅದೂ ಕೈಬೆರಳಲ್ಲಿ ಎಣಿಸುವಷ್ಟು ಸೀಟುಗಳಿಂದ. 1998ರಲ್ಲಿ ಟ್ರಾಸ್ಟುಜುಮ್ಯಾಬ್ ಬಂತು, ಹೆರ್‌-2 ಎಂಬ ಪ್ರೋಟೀನ್ ಹೆಚ್ಚಿರುವ ಗಂಟುಗಳಿಗೆ ಗುರಿಯಿಟ್ಟ ಔಷಧ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಅಗ್ಗದ ರೂಪವನ್ನು ಭಾರತದ ಮಾರುಕಟ್ಟೆಗೆ ತಂದಿತು. ದರ ಇಳಿದದ್ದು ಒಳ್ಳೆಯದೇ. ಆದರೆ ಆ ಔಷಧ ಒಂದು ವರ್ಷ, ಮೂರು ವಾರಕ್ಕೊಮ್ಮೆ ಹೋಗಬೇಕು, ನಡುನಡುವೆ ಹೃದಯದ ಎಕೋ ಮಾಡಿಸಿ ನೋಡಬೇಕು. ದರದ ಜೊತೆಗೆ ವೈದ್ಯರ ವೇಳೆ ಅಗ್ಗವಾಗಲಿಲ್ಲ.

ಇಂದು ಒಬ್ಬ ರೋಗಿಗೆ ಹಿಡಿಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಂಟಿನಿಂದ ದಪ್ಪ ಸೂಜಿಯಲ್ಲಿ ತೆಗೆದ ಎಳೆಗಳು ಫಾರ್ಮಲಿನ್ನಿನಲ್ಲಿ ಕನಿಷ್ಠ ಆರು ತಾಸು ಇರಬೇಕು, ಮೂರು ದಿನ ಮೀರಬಾರದು. ತಪ್ಪಿದರೆ ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ಕೆಡುತ್ತದೆ. ಆಮೇಲೆ ಅವು ಮೇಣದಲ್ಲಿ ಕೂಡುತ್ತವೆ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಆ ಬ್ಲಾಕಿಗೆ ಒಂದು ನಂಬರು ಬೀಳುತ್ತದೆ. ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ‘ಬರೀ ಗಡ್ಡೆ’ ಎಂದು ತೆಗೆಸಿಕೊಂಡವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಬರುತ್ತಾರೆ, ಬ್ಲಾಕ್ ಸಿಗದಿದ್ದರೆ ತಜ್ಞರು ಕತ್ತಲಲ್ಲಿ ತಡಕಾಡುತ್ತಾರೆ. ರೋಗಶಾಸ್ತ್ರಜ್ಞರ ವರದಿ, ಸ್ಕ್ಯಾನ್, ಶಸ್ತ್ರವೈದ್ಯರ ತಪಾಸಣೆ ಎಲ್ಲ ಸೇರಿ, ಬೇರೆ ಬೇರೆ ತಜ್ಞರು ಒಟ್ಟಿಗೆ ಕೂರುವ ಟ್ಯೂಮರ್ ಬೋರ್ಡಿನ ಮುಂದೆ ಬಂದು, ಮೊದಲು ಕಿಮೋ ಕೊಡುವುದೋ ಶಸ್ತ್ರಚಿಕಿತ್ಸೆಯೋ ಎಂದು ನಿಶ್ಚಯವಾಗಬೇಕು. ವಿಕಿರಣದ ಸರದಿ ಬಂದಾಗ ವೈದ್ಯರು ಸಿ.ಟಿ. ಚಿತ್ರದ ಒಂದೊಂದು ಪದರದ ಮೇಲೂ ಗುರಿಯ ಅಂಚು, ಶ್ವಾಸಕೋಶ, ಎಡಬದಿಯದಾದರೆ ಹೃದಯ, ಇವನ್ನು ಗೆರೆ ಎಳೆದು ಗುರುತಿಸುತ್ತಾರೆ. ಭೌತವಿಜ್ಞಾನಿ ಲೆಕ್ಕ ಹಾಕುತ್ತಾರೆ, ವೈದ್ಯರು ಮತ್ತೆ ನೋಡಿ ಒಪ್ಪುತ್ತಾರೆ. ಯಂತ್ರದ ಕೆಳಗೆ ರೋಗಿ ಇರುವುದು ಕೆಲವು ನಿಮಿಷ, ಆ ಕೆಲವು ನಿಮಿಷದ ಹಿಂದೆ ಇಂಥ ತಾಸುಗಟ್ಟಲೆ ಕೆಲಸವಿರುತ್ತದೆ. ಕೊನೆಗೆ ಐದರಿಂದ ಹತ್ತು ವರ್ಷ ನುಂಗಬೇಕಾದ ಹಾರ್ಮೋನ್ ಮಾತ್ರೆ. ವಾನ್ಲೆಸ್ ಕಾಲದ ಒಂದು ಮಧ್ಯಾಹ್ನದ ಕೆಲಸ ಹೀಗೆ ಐದಾರು ಬಗೆಯ ತಜ್ಞರ ಹಲವು ವರ್ಷದ ಕೆಲಸವಾಗಿ ಹರಡಿದೆ.

ರೋಗಿಗಳ ಸಂಖ್ಯೆಯೂ ಅಂದಿನದಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು 32ರ ಆಸುಪಾಸು, ಈ ರೋಗ ಹೆಚ್ಚುವ ವಯಸ್ಸನ್ನು ಅನೇಕರು ಮುಟ್ಟುತ್ತಲೇ ಇರಲಿಲ್ಲ. 1980ರ ದಶಕದಲ್ಲಿ ಕಿದ್ವಾಯಿ ಸಂಸ್ಥೆ ನಡೆಸತೊಡಗಿದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು, ಈಗ ಸ್ತನ ಕ್ಯಾನ್ಸರ್ ಮುಂದೆ ಬಂದಿದೆ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ದೇಶದಲ್ಲಿ ಒಂದು ವರ್ಷಕ್ಕೆ ಸ್ತನ ಕ್ಯಾನ್ಸರಿನ ಸುಮಾರು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವುಗಳು. ಕಿಮೋ ಕೊಡುವ ತಜ್ಞರ ದುಡಿಮೆಯ ಬಗ್ಗೆ 2018ರಲ್ಲಿ ಪ್ರಕಟವಾದ ಹಲವು ದೇಶಗಳ ಸಮೀಕ್ಷೆಯೊಂದರಲ್ಲಿ, ಶ್ರೀಮಂತ ದೇಶದ ತಜ್ಞರೊಬ್ಬರು ವರ್ಷಕ್ಕೆ ನೋಡುವ ಹೊಸ ರೋಗಿಗಳ ಮಧ್ಯಮ ಸಂಖ್ಯೆ 175, ಭಾರತದಂಥ ಕೆಳ ಮಧ್ಯಮ ಆದಾಯದ ದೇಶಗಳಲ್ಲಿ 425. ಒಂದೇ ಪಠ್ಯಪುಸ್ತಕ ಓದಿದ ಇಬ್ಬರು, ಒಬ್ಬರ ಕೈಯಲ್ಲಿ ಇನ್ನೊಬ್ಬರಿಗಿಂತ ಎರಡೂವರೆ ಪಟ್ಟು ರೋಗಿಗಳು. ಚಿಕಿತ್ಸೆಯ ಗುಣಮಟ್ಟ ಎರಡೂ ಕಡೆ ಒಂದೇ ಇರಬೇಕೆಂದು ಕೇಳುವವರು ಈ ಅಂಕಿಯನ್ನು ಎದುರಿಗೆ ಇಟ್ಟುಕೊಂಡು ಕೇಳಬೇಕು. ಸರಕಾರದ ಯೋಜನೆಗಳು ಹಣದ ತೊಡಕನ್ನು ಬಹುಮಟ್ಟಿಗೆ ಸಡಿಲಿಸಿವೆ. 2010ರಲ್ಲಿ ಕಲಬುರಗಿ ಭಾಗದಲ್ಲಿ ಆರಂಭವಾಗಿ ಬೆಳಗಾವಿ ವಿಭಾಗಕ್ಕೂ ಬಂದ ವಾಜಪೇಯಿ ಆರೋಗ್ಯಶ್ರೀ, 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಇವುಗಳಿಂದ ಬಿಪಿಎಲ್ ಕಾರ್ಡಿನ ಕುಟುಂಬವೂ ದೊಡ್ಡ ಆಸ್ಪತ್ರೆಯ ಬಾಗಿಲು ತಟ್ಟುವಂತಾಯಿತು. ಆದರೆ ಪ್ಯಾಕೇಜ್ ದರ ಕಟ್ಟಿರುವುದು ಶಸ್ತ್ರಚಿಕಿತ್ಸೆಗೆ, ಕಿಮೋ ಸರದಿಗೆ, ವಿಕಿರಣಕ್ಕೆ. ಕೂತು ಮಾತಾಡಿದ್ದಕ್ಕೆ ದರವಿಲ್ಲ. ಬಾಗಿಲು ತೆರೆದ ಯೋಜನೆ ಒಳಗಿನ ಸಾಲನ್ನು ಉದ್ದ ಮಾಡಿತು.

ತಪ್ಪು ಹೆಂಗಸರದೇ, ಅವರು ತಡವಾಗಿ ಬರುತ್ತಾರೆ, ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುತ್ತಾರೆ, ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತು ದಿನ ಕಳೆಯುತ್ತಾರೆ ಎಂದು ಹೇಳುವವರಿದ್ದಾರೆ. ತಡವಾಗಿ ಬರುವುದು ದಿಟ. ಅದನ್ನು ಸ್ವಭಾವದ ಮೇಲೆ ಹಾಕುವುದು ಮಾತ್ರ ಒಪ್ಪತಕ್ಕದ್ದಲ್ಲ. ಇದೇ ಸೀಮೆಯವರ ಅಜ್ಜ ಅಜ್ಜಿಯರು ಕಣ್ಣಿನ ಪೊರೆ ತೆಗೆಸಲು ರೈಲು ಹತ್ತಿ ಮಿರಜಕ್ಕೆ ಹೋಗುತ್ತಿದ್ದರು, ವಾಸಿಯಾಗುತ್ತದೆಂದು ಕಣ್ಣಾರೆ ಕಂಡ ಮೇಲೆ ಹರಕೆ ಅವರನ್ನು ತಡೆಯಲಿಲ್ಲ. ಎದೆಗಂಟಿನ ವಿಷಯದಲ್ಲಿ ಅವರು ಕಂಡದ್ದು ಕೊಯ್ಸಿಕೊಂಡು ಬಂದು ಎರಡು ವರ್ಷಕ್ಕೆ ತೀರಿಕೊಂಡವರನ್ನು. ಜೊತೆಗೆ, ಮುಟ್ಟಿ ನೋಡುವವರು ಯಾರು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಎಂದಾದರೂ ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ. 0.9. ಮುಂಬೈಯ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರ ಮೇಲೆ 20 ವರ್ಷ ನಡೆದು 2021ರಲ್ಲಿ ಪ್ರಕಟವಾದ ಟಾಟಾ ಮೆಮೋರಿಯಲ್ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ ರೋಗ ಮುಂಚಿನ ಹಂತದಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ತಗ್ಗಿತು. ಕಿರಿಯರಲ್ಲಿ ಸಾವು ತಗ್ಗಲಿಲ್ಲ ಎಂಬುದನ್ನೂ ಹೇಳಬೇಕು. ಏನೇ ಆದರೂ, ಮನೆಬಾಗಿಲಿಗೆ ಬಂದು ಮುಟ್ಟಿ ನೋಡುವವಳಿದ್ದರೆ ಆ ಹೆಂಗಸರು ನಾಚಿ ಓಡಲಿಲ್ಲ.

ಯಂತ್ರ, ತಂತ್ರಜ್ಞಾನ ಹೊರೆ ಇಳಿಸುತ್ತವೆ ಎಂಬ ವಾದಕ್ಕೆ ಹೆಚ್ಚು ಬಲವಿದೆ, ಅದಕ್ಕೆ ಪುರಾವೆಯೂ ಇದೆ. ವಿಕಿರಣದ 25 ಸರದಿಯ ಬದಲು 15 ಸಾಕೆಂದು ಬ್ರಿಟನ್ನಿನ ಪ್ರಯೋಗಗಳು ತೋರಿಸಿದವು, 2020ರಲ್ಲಿ ಅಲ್ಲಿಯದೇ ಇನ್ನೊಂದು ಪ್ರಯೋಗ ಒಂದೇ ವಾರದ ಐದು ಸರದಿಗಳೂ ಸಮನಾಗಿ ಕೆಲಸ ಮಾಡುತ್ತವೆಂದು ತೋರಿಸಿತು. ಚಚಡಿಯ ಹೆಂಗಸಿಗೆ ಇದು ಯಾವ ಹೊಸ ಔಷಧಕ್ಕಿಂತಲೂ ದೊಡ್ಡ ಸುದ್ದಿ. ಐದು ವಾರ ಊರು ಬಿಡುವ ಕಡೆ ಒಂದು ವಾರ ಬಿಟ್ಟರೆ ಸಾಕು ಎಂದಾದರೆ ಸ್ತನ ಉಳಿಸಿಕೊಳ್ಳುವ ಮಾತು ಮೊದಲ ಬಾರಿಗೆ ಅವಳ ಕೈಗೆಟಕುತ್ತದೆ. ಶಸ್ತ್ರಚಿಕಿತ್ಸೆಗೆ ತುಸು ಮುಂಚೆ ಗಂಟಿನ ಸುತ್ತ ಮರಗಟ್ಟಿಸುವ ಲಿಡೊಕೇನ್ ಚುಚ್ಚಿದರೆ ಬದುಕುಳಿಯುವವರು ಹೆಚ್ಚುತ್ತಾರೆಂದು ಟಾಟಾ ಮೆಮೋರಿಯಲ್ಲಿನ ರಾಜೇಂದ್ರ ಬಡ್ವೆ ಅವರ ತಂಡ ಭಾರತದ 11 ಕೇಂದ್ರಗಳ 1,600 ರೋಗಿಗಳಲ್ಲಿ ಕಂಡು 2023ರಲ್ಲಿ ಪ್ರಕಟಿಸಿತು. ಐದು ವರ್ಷದ ಹೊತ್ತಿಗೆ ಬದುಕಿದ್ದವರು ಶೇ. 86.4ರಿಂದ 90.1ಕ್ಕೆ ಏರಿದರು. ಹಲ್ಲಿನ ವೈದ್ಯರ ಬಳಿಯೂ ಇರುವ ಔಷಧ, ಕೆಲವೇ ನಿಮಿಷದ ಕೆಲಸ. ಆದರೆ ಸರದಿ ಐದಕ್ಕೆ ಇಳಿದಾಗ ಬಿಡುವಾಗುವುದು ಯಂತ್ರ ಎಂಬುದನ್ನು ಮರೆಯಬಾರದು. 25 ಸರದಿಯ ಒಬ್ಬಳ ಜಾಗದಲ್ಲಿ ಐವರು ಬರಬಹುದು, ಆ ಐವರಿಗೂ ಪದರ ಪದರವಾಗಿ ಗೆರೆ ಎಳೆಯುವುದು ವೈದ್ಯರೇ. ಯಂತ್ರದ ಸಾಲು ಕರಗಿದಂತೆ ವೈದ್ಯರ ಮೇಜಿನ ಸಾಲು ಬೆಳೆಯುತ್ತದೆ. ಹೊಸ ಯಂತ್ರ ತಂದವರು ಅದರ ಜೊತೆ ಎಷ್ಟು ಹುದ್ದೆ ಸೃಷ್ಟಿಸಿದರು ಎಂದು ಕೇಳಬೇಕಾದದ್ದು ಇದಕ್ಕೇ.

ಇನ್ನೊಂದು ಹೊರೆ ಸೋಲಿನಿಂದ ಬಂದದ್ದಲ್ಲ, ಗೆಲುವಿನಿಂದ ಬಂದದ್ದು. ಹಾಲ್‌ಸ್ಟೆಡ್ ಕಾಲದಲ್ಲಿ ವರ್ಷಗಳ ನಂತರ ಮರುತಪಾಸಣೆಗೆ ಬರುವವರು ಕಡಿಮೆ, ಯಾಕೆಂದರೆ ಅಷ್ಟು ದಿನ ಬದುಕುವವರೇ ಕಡಿಮೆ. ಈಗ ಗುಣವಾದವರು ಪ್ರತಿ ವರ್ಷ ತಜ್ಞರ ಪಟ್ಟಿಗೆ ಸೇರುತ್ತ ಹೋಗುತ್ತಾರೆ, ಹೊಸಬರಿಗೆ ಸಿಗಬೇಕಾದ ಹೊತ್ತನ್ನು ಅವರು ತಿಳಿಯದೆಯೇ ಹಂಚಿಕೊಳ್ಳುತ್ತಾರೆ. ಕೇಂದ್ರದ 2025ರ ಬಜೆಟ್ಟು ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಹೇಳಿತು, ಕರ್ನಾಟಕವೂ ಅದೇ ವರ್ಷ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇಕೇರ್ ಕಿಮೋ ಆರಂಭಿಸಿತು. ಮೊದಲ ಸರದಿಯನ್ನು ತಜ್ಞರು ನಿಗದಿಪಡಿಸಿ, ಉಳಿದವನ್ನು ಹತ್ತಿರದಲ್ಲೇ ಕೊಡುವ ಈ ಕ್ರಮ ಸರಿಯಾದ ದಿಕ್ಕಿನದು, ಆದರೆ ಜಿಲ್ಲಾ ಕೇಂದ್ರದಲ್ಲೇ ನಿಲ್ಲಬೇಕಿಲ್ಲ. ಕೆನಡಾದಲ್ಲಿ ಚಿಕಿತ್ಸೆ ಮುಗಿದ 968 ಮಹಿಳೆಯರನ್ನು ಎರಡು ಗುಂಪು ಮಾಡಿ ಒಂದನ್ನು ಕ್ಯಾನ್ಸರ್ ಕೇಂದ್ರಕ್ಕೂ ಇನ್ನೊಂದನ್ನು ಅವರ ಕುಟುಂಬ ವೈದ್ಯರಿಗೂ ಒಪ್ಪಿಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ರೋಗ ಮರುಕಳಿಸಿದ್ದರಿಂದ ಆದ ಗಂಭೀರ ತೊಂದರೆಗಳಲ್ಲಾಗಲಿ ಬದುಕಿನ ಗುಣದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಯ ಕುಟುಂಬ ವೈದ್ಯರೇ ಬೇರೆ, ನಮ್ಮ ತಾಲ್ಲೂಕು ಆಸ್ಪತ್ರೆಯೇ ಬೇರೆ ಎಂಬುದು ನಿಜ. ಆದರೂ ಮರುತಪಾಸಣೆ ಎಂದರೆ ಕೈಯಿಂದ ಪರೀಕ್ಷೆ, ಮಾತ್ರೆ ಬಿಟ್ಟಿಲ್ಲವೆಂಬ ವಿಚಾರಣೆ, ತೋಳು ಬಾತಿದೆಯೇ ಎಂಬ ನೋಟ, ವರ್ಷಕ್ಕೊಂದು ಮ್ಯಾಮೊಗ್ರಾಂ. ಇದರಲ್ಲಿ ಮ್ಯಾಮೊಗ್ರಾಂ ಒಂದಕ್ಕೆ ಬೆಳಗಾವಿಗೆ ಹೋಗಿಬಂದರೆ, ಉಳಿದದ್ದನ್ನು ಏನೇನು ನೋಡಬೇಕೆಂಬ ಒಂದು ಪುಟದ ಚೀಟಿ ಮತ್ತು ಸಂಶಯ ಬಂದಾಗ ಕರೆ ಎತ್ತುವ ತಜ್ಞರ ಫೋನ್ ನಂಬರು ಕೊಟ್ಟರೆ ಬೈಲಹೊಂಗಲದ ಅಥವಾ ಸವದತ್ತಿಯ ಸರಕಾರಿ ವೈದ್ಯರೇ ಮಾಡಬಹುದು. ಹಾಗೆ ಬಿಡುವಾದ ತಜ್ಞರ ಹೊತ್ತು, ಹೊಸ ಗಂಟಿನೊಂದಿಗೆ ಬಂದು ತನಗೆ ಯಾವ ದಾರಿ ಸರಿ ಎಂದು ಕೇಳುತ್ತಿರುವವಳ ಪಾಲಿಗೆ ಬರುತ್ತದೆ.